ದೊಡ್ಡವ್ವನ ರೊಟ್ಟಿ ವ್ಯಾಪಾರಕ್ಕೆ ಯುಪಿಐ: ಅರ್ಧ ತಾಸು ಅಂದುಕೊಂಡಿದ್ದು ಮೂರು ವಾರ ಹಿಡಿಯಿತು

ನನ್ನದು ವಿಜಯಪುರದಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಕೆಲಸ. ಸುಟ್ಟ ಮೋಟಾರ್ ಬಿಚ್ಚಿ ತಾಮ್ರದ ತಂತಿ ಸುತ್ತೋದು ಕಣ್ಣು ಮುಚ್ಚಿಕೊಂಡು ಬರುತ್ತೆ. ಫೋನಿನ ವಿಷಯದಲ್ಲಿ ಮಾತ್ರ ನಾನೂ ಎಲ್ಲರ ಹಾಗೇ, ಸ್ಕ್ಯಾನ್ ಮಾಡು, ದುಡ್ಡು ಹಾಕು, ಅಷ್ಟೇ. ಹಾಗಾಗಿ ಬಾಗಲಕೋಟೆಯಿಂದ ದೊಡ್ಡವ್ವ ಫೋನ್ ಮಾಡಿ "ತಮ್ಮಾ, ಆ ಚೌಕ ಚೌಕದ್ದು ಚಿತ್ರ ನಮಗೂ ಹಚ್ಚಿಕೊಡು" ಅಂದಾಗ ಅರ್ಧ ತಾಸಿನ ಕೆಲಸ ಅಂದುಕೊಂಡೇ ಬಸ್ ಹತ್ತಿದೆ.

ದೊಡ್ಡವ್ವ ನವನಗರದ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಬಿಸಿ ರೊಟ್ಟಿ, ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ರೊಟ್ಟಿಗೆ 10 ರೂಪಾಯಿ, ದಿನಕ್ಕೆ ನೂರಿಪ್ಪತ್ತು ಹೋಗುತ್ತವೆ. ಕೊಳ್ಳೋರಲ್ಲಿ ಜಾಸ್ತಿ ವಿದ್ಯಾಗಿರಿ ಕಡೆಯ ಕಾಲೇಜು ಹುಡುಗರು. ಅವರ ಕಿಸೆಯಲ್ಲಿ ನೋಟೇ ಇರೋದಿಲ್ಲ. "ಆಂಟಿ, ಸ್ಕ್ಯಾನರ್ ಇಲ್ವಾ?" ಅಂತ ಕೇಳಿ, ಇಲ್ಲ ಅಂದರೆ ಉದ್ರಿ ಬರೆಸಿ ಹೋಗುತ್ತಾರೆ. ಉದ್ರಿ ವಹಿ ನೋಡಿದೆ, ಎರಡು ರೊಟ್ಟಿ, ಮೂರು ರೊಟ್ಟಿ ಅಂತ ಹನ್ನೊಂದು ಪುಟ.

ಮೊದಲನೇ ಭಾನುವಾರ

ಅಣ್ಣ ಪುಣೆಗೆ ಹೋಗುವಾಗ ಬಿಟ್ಟುಹೋದ ಹಳೆಯ ಫೋನ್ ಟ್ರಂಕಿನಲ್ಲಿತ್ತು. ಮೊದಲು ಬ್ಯಾಟರಿ ಉಬ್ಬಿದೆಯಾ ನೋಡಿದೆ. ಹಿಂದಿನ ಮುಚ್ಚಳ ಎಲ್ಲೂ ಎದ್ದಿರಲಿಲ್ಲ, ಮೇಜಿನ ಮೇಲೆ ಇಟ್ಟು ತಿರುಗಿಸಿದರೆ ಬುಗುರಿಯ ಹಾಗೆ ತಿರುಗಲೂ ಇಲ್ಲ. ಉಬ್ಬಿದ್ದರೆ ಅಲ್ಲೇ ಕೈಬಿಡೋದು ಒಳ್ಳೆಯದು, ಒಲೆಯ ಪಕ್ಕ ಇಡೋ ಫೋನ್ ಇದು. ಒಂದು ತಾಸು ಚಾರ್ಜಿಗೆ ಹಾಕಿ ಆನ್ ಮಾಡಿದೆ, ವೈಫೈ ಇಲ್ಲ, ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಸಿಗ್ನಲ್ ಪೂರ್ತಿ ಇದೆ, ಆದರೂ ಪ್ಲೇ ಸ್ಟೋರ್ ತೆರೆಯಲ್ಲ, ಬ್ರೌಸರ್‌ನಲ್ಲಿ ಏನು ಒತ್ತಿದರೂ ಸಂಪರ್ಕ ಸುರಕ್ಷಿತವಲ್ಲ ಅಂತ ಬರುತ್ತೆ. ರೀಸ್ಟಾರ್ಟ್ ಮಾಡಿದೆ, ಹಾಟ್‌ಸ್ಪಾಟ್ ಆರಿಸಿ ಹಚ್ಚಿದೆ, ಫೋನ್ ರೀಸೆಟ್ ಮಾಡೋಣ ಅಂತ ಸೆಟ್ಟಿಂಗ್ಸ್‌ವರೆಗೂ ಹೋದೆ.

ಚಹಾ ಕುಡಿಯುವಾಗ ಸುಮ್ನೆ ಪರದೆ ನೋಡುತ್ತಿದ್ದೆ. ಮೇಲೆ ತಾರೀಖು 2019 ಜನವರಿ 1 ಅಂತ ಇತ್ತು. ಬ್ಯಾಟರಿ ಪೂರ್ತಿ ಸತ್ತು ವರ್ಷಗಟ್ಟಲೆ ಬಿದ್ದರೆ ಫೋನಿನ ಗಡಿಯಾರ ಹಿಂದಕ್ಕೆ ಹೋಗಿಬಿಡುತ್ತೆ. ವೆಬ್‌ಸೈಟು, ಆ್ಯಪ್‌ಗಳು ತಮ್ಮ ಗುರುತಿಗೆ ತೋರಿಸೋ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ಫೋನ್ 2019ರಲ್ಲೇ ನಿಂತಿದ್ದರೆ ಇವತ್ತಿನ ಸರ್ಟಿಫಿಕೇಟ್ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ತಾರೀಖು ತಾನಾಗಿಯೇ ಹೊಂದಿಸಿಕೊಳ್ಳೋ ಬಟನ್ ಒತ್ತಿದೆ, ಎಲ್ಲ ತೆರೆಯಿತು. ಮೋಟಾರ್ ಬಿಚ್ಚೋ ಮೊದಲು ಫ್ಯೂಸ್ ನೋಡು ಅಂತ ಅಂಗಡಿಯ ಹುಡುಗರಿಗೆ ದಿನಾ ಬೈಯ್ಯೋನು ನಾನು. ಇಲ್ಲಿ ನಾನೇ ಫ್ಯೂಸ್ ನೋಡಿರಲಿಲ್ಲ.

ಜಾಗ ಇರಲಿಲ್ಲ, ಅಣ್ಣನ ಕಾಲದ ಶುಭೋದಯದ ಚಿತ್ರಗಳೇ ಸಾವಿರಗಟ್ಟಲೆ. ಅಳಿಸಿದೆ. ಆ್ಯಪ್ ಇಳಿಯಿತು, ಭಾಷೆ ಕನ್ನಡ ಮಾಡಿದೆ. ಯಾವ ಆ್ಯಪ್ ಅಂತ ಬಹಳ ತಲೆಕೆಡಿಸಿಕೊಳ್ಳಬೇಡಿ. ಭೀಮ್ ಆಗಲಿ, ಗೂಗಲ್ ಪೇ, ಫೋನ್‌ಪೇ ಆಗಲಿ, ಹಿಂದೆ ಇರೋ ದಾರಿ 2016ರಲ್ಲಿ ಎನ್‌ಪಿಸಿಐ (ಭಾರತದ ರಾಷ್ಟ್ರೀಯ ಪಾವತಿ ನಿಗಮ) ಶುರು ಮಾಡಿದ ಯುಪಿಐ ಒಂದೇ, ಪಿನ್ ಒತ್ತೋ ಪುಟವೂ ಎಲ್ಲದರಲ್ಲೂ ಎನ್‌ಪಿಸಿಐದ್ದೇ.

ಮುಂದೆ ನಂಬರ್ ಪರೀಕ್ಷೆ. ನಿಮ್ಮ ನಂಬರ್ ನಿಮ್ಮದೇ ಹೌದಾ ಅಂತ ತಿಳಿಯಲು ಆ್ಯಪ್ ಆ ಸಿಮ್ಮಿನಿಂದ ತಾನೇ ಒಂದು ಎಸ್‌ಎಂಎಸ್ ಕಳಿಸುತ್ತೆ. ಎರಡು ನಿಮಿಷ ಗುಂಡಗೆ ಸುತ್ತಿ "ವಿಫಲ" ಅಂತು. ಮೂರು ಸಲ ಹಾಗೇ ಆಯಿತು. ಇಂಟರ್ನೆಟ್ ಇದೆಯಲ್ಲ ಅಂತ ನಾವು ನೋಡುತ್ತೇವೆ, ಆದರೆ ಇದು ಹೋಗೋದು ಸಾದಾ ಎಸ್‌ಎಂಎಸ್. ದೊಡ್ಡವ್ವನ ಪ್ಯಾಕು ಎಲ್ಲಕ್ಕಿಂತ ಅಗ್ಗದ್ದು, ಅದರಲ್ಲಿ ಎಸ್‌ಎಂಎಸ್ ಇರಲಿಲ್ಲ, ಬ್ಯಾಲೆನ್ಸೂ ಸೊನ್ನೆ. 10 ರೂಪಾಯಿ ಟಾಪ್‌ಅಪ್ ಹಾಕಿದ ಮೇಲೆ ಮೆಸೇಜು ಹೋಯಿತು. ಎರಡು ಸಿಮ್ ಇರೋರು ಯಾವ ಸಿಮ್ಮಿನಿಂದ ಎಸ್‌ಎಂಎಸ್ ಹೋಗುತ್ತಿದೆ ಅಂತಲೂ ನೋಡಬೇಕು.

ಆಮೇಲೆ ಬ್ಯಾಂಕಿನ ಹೆಸರು ಒತ್ತಿದರೆ, ಈ ನಂಬರಿಗೆ ಖಾತೆ ಇಲ್ಲ ಅಂತು.

"ಇಲ್ಲ ಅಂದ್ರ? ತಿಂಗಳಾ ಗೃಹಲಕ್ಷ್ಮಿ ಅದಕ್ಕ ಬರತೈತಿ" ಅಂತ ದೊಡ್ಡವ್ವ ಗಾಬರಿಯಾದಳು. ಪಾಸ್‌ಬುಕ್ ತೆಗೆದಳು. ಖಾತೆ ಹಳೇ ಊರಿನ ಶಾಖೆಯದ್ದು. ಆಲಮಟ್ಟಿಯ ಹಿನ್ನೀರು ಬಂದು ಮನೆ ನವನಗರಕ್ಕೆ ಬಂತು, ಖಾತೆ ಅಲ್ಲೇ ಉಳಿಯಿತು. ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರ್ ಅಣ್ಣನ ಹಳೆಯದು, ಅವನು ರೀಚಾರ್ಜ್ ಬಿಟ್ಟು ವರ್ಷಗಳಾಗಿವೆ. ಹಾಗೆ ಬಿಟ್ಟ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಅಂದರೆ ದೊಡ್ಡವ್ವನ ಖಾತೆಯ ಮೆಸೇಜು ಇಷ್ಟು ದಿನ ಯಾರಿಗೋ ಗೊತ್ತಿಲ್ಲದವರಿಗೆ ಹೋಗುತ್ತಿತ್ತೋ ಏನೋ. ಯುಪಿಐ ಬೇಡ ಅನ್ನೋರೂ ಇದೊಂದನ್ನು ಇವತ್ತೇ ನೋಡಿಕೊಳ್ಳಿ.

ಬ್ಯಾಂಕಿನ ಕೆಲಸ

ಭಾನುವಾರ ಬ್ಯಾಂಕ್ ಇಲ್ಲ. ಸೋಮವಾರ ಅಂಗಡಿಗೆ ರಜೆ ಹೇಳಿ ಉಳಿದೆ. ಆಧಾರ್ ಝೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟದ ಝೆರಾಕ್ಸ್, ನಂಬರ್ ಬದಲಾವಣೆಯ ಫಾರ್ಮ್. ಸಹಿ ಹೊಂದಲಿಲ್ಲ. ಖಾತೆ ತೆರೆದಾಗ ದೊಡ್ಡವ್ವ ಹೆಸರಿನ ಮುಂದೆ ಅಡ್ಡಹೆಸರೂ ಬರೆದಿದ್ದಳಂತೆ, ಈಗ ಬರೀ ಹೆಸರು. ಕೌಂಟರ್‌ನಲ್ಲಿದ್ದವರು ಹಳೆಯ ಸಹಿಯನ್ನು ಪರದೆಯಲ್ಲಿ ನೋಡಿ "ಅಮ್ಮಾ, ಇನ್ನೊಂದು ಸ್ವಲ್ಪ ಉದ್ದ ಬರೀರಿ" ಅಂದರು. ಮೂರನೇ ಫಾರ್ಮಿಗೆ ಹೊಂದಿತು. ಆಮೇಲೆ ಸರ್ವರ್ ಡೌನ್. ಎರಡು ದಿನ ಬಿಟ್ಟು ಹೊಸ ನಂಬರಿಗೆ ಬ್ಯಾಂಕಿನ ಮೆಸೇಜು ಬಂತು ಅಂತ ದೊಡ್ಡವ್ವ ಫೋನ್ ಮಾಡಿದಳು.

ಸೋಮವಾರ ಬ್ಯಾಂಕಿನಿಂದ ವಾಪಸ್ ಬರುವಾಗ ಆಟೋದಲ್ಲಿ ಅವಳ ಅಸಲಿ ಹೆದರಿಕೆ ಹೊರಗೆ ಬಂತು. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಸುದ್ದಿ ಅವಳಿಗೂ ಗೊತ್ತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು "ನಗದು ಮಾತ್ರ" ಅಂತ ಬೋರ್ಡ್ ಹಾಕಿದ್ದರು. "ಜಿಎಸ್‌ಟಿ ಬಂತಂದ್ರ ಗೃಹಲಕ್ಷ್ಮಿ ಹೋತು ಅಂತಾರ. ಎರಡು ಸಾವಿರ ಬಿಟ್ಟು ಚೌಕದ ಚಿತ್ರ ತಗೊಂಡು ಏನ್ ಮಾಡ್ಲಿ?" ಮಾತಿನಲ್ಲಿ ಅರ್ಥ ಇಲ್ಲದೆ ಇಲ್ಲ, ಹೆಂಗಸಾಗಲಿ ಅವಳ ಗಂಡನಾಗಲಿ ಜಿಎಸ್‌ಟಿ ರಿಟರ್ನ್ ತುಂಬುತ್ತಿದ್ದರೆ ಗೃಹಲಕ್ಷ್ಮಿ ಇಲ್ಲ ಅಂತ ನಿಯಮ ಇದೆ. ಅಲ್ಲೇ ಲೆಕ್ಕ ಹಾಕಿದೆವು. ದಿನಕ್ಕೆ 1200, ತಿಂಗಳಿಗೆ 36 ಸಾವಿರ, ವರ್ಷಕ್ಕೆ 4 ಲಕ್ಷ 32 ಸಾವಿರ, ಅದೂ ಒಂದು ದಿನ ರಜೆ ಇಲ್ಲದೆ. ಸಾಮಾನು ಮಾರೋರಿಗೆ ಜಿಎಸ್‌ಟಿ ನೋಂದಣಿ ಬೇಕಾಗೋದು ವರ್ಷದ ವಹಿವಾಟು 40 ಲಕ್ಷ ದಾಟಿದರೆ. "ಅಷ್ಟು ದಾಟಬೇಕಂದ್ರ ದಿನಾ ಸಾವಿರದ ಮ್ಯಾಲ ರೊಟ್ಟಿ ಬಡಿಬೇಕು ದೊಡ್ಡವ್ವ" ಅಂದೆ. "ಕೈ ಬಿದ್ದು ಹೋಗ್ತಾವ" ಅಂತ ನಕ್ಕಳು. ಆ ವಿಷಯ ಅಲ್ಲಿಗೆ ಮುಗಿಯಿತು.

ಎರಡನೇ ಭಾನುವಾರ

ಈ ಸಲ ಖಾತೆ ಸಿಕ್ಕಿತು. ಪಿನ್ ಮಾಡಲು ಎರಡು ದಾರಿ. ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಮುಗಿಯೋ ತಿಂಗಳು ವರ್ಷ ಹಾಕೋದು, ಇಲ್ಲಾ ಆಧಾರ್ ಓಟಿಪಿ. ದೊಡ್ಡವ್ವನ ಕಾರ್ಡು ಲಕೋಟೆ ಒಡೆಯದೇ ದೇವರ ಜಗಲಿಯ ಹಿಂದೆ ಇತ್ತು, ಅವಧಿ 2023ಕ್ಕೇ ಮುಗಿದಿದೆ. ಆಧಾರ್‌ಗೆ ಮಾತ್ರ ಪುಣ್ಯಕ್ಕೆ ಈಗಿನ ನಂಬರೇ ಜೋಡಣೆಯಾಗಿತ್ತು. ಆಧಾರ್‌ನ ಮೊದಲ 6 ಅಂಕಿ ಹಾಕಿದೆವು, ಓಟಿಪಿಗಳು ಬಂದವು, ಪಿನ್ ಹಾಕೋ ಪುಟ ತೆರೆಯಿತು.

ಇಲ್ಲಿ ಎರಡು ತೊಂದರೆ. ಎರಡೂ ಫೋನಿನದ್ದಲ್ಲ.

ಒಂದು, ಬೆರಳು. ನಲವತ್ತು ವರ್ಷ ಬಿಸಿ ಹಂಚಿನ ಮುಂದೆ ರೊಟ್ಟಿ ಬಡಿದ ಬೆರಳುಗಳು. ತುದಿಯ ಗೆರೆ ಎಲ್ಲ ಸವೆದು ನುಣುಪಾಗಿವೆ, ಚರ್ಮ ದಪ್ಪ, ಮೇಲೆ ಜೋಳದ ಹಿಟ್ಟಿನ ಒಣಕಲು. ಅವಳು ಒತ್ತಿದರೆ ಪರದೆಗೆ ಗೊತ್ತೇ ಆಗಲ್ಲ. ಇನ್ನೂ ಗಟ್ಟಿ ಒತ್ತುತ್ತಾಳೆ. ಈ ಪರದೆಗಳಿಗೆ ಭಾರ ತಿಳಿಯಲ್ಲ, ಚರ್ಮದ ಮೂಲಕ ಆಗೋ ಸಣ್ಣ ವಿದ್ಯುತ್ತಿನ ವ್ಯತ್ಯಾಸ ತಿಳಿಯುತ್ತೆ, ಒಣಗಿದ ದಪ್ಪ ಚರ್ಮದಲ್ಲಿ ಅದು ಸರಿಯಾಗಿ ಆಗಲ್ಲ. ಅಣ್ಣ ಹಾಕಿಸಿದ್ದ ದಪ್ಪ ಗಾಜಿನ ಗಾರ್ಡ್ ಬ್ಲೇಡಿನಿಂದ ನಿಧಾನಕ್ಕೆ ಎಬ್ಬಿಸಿ ತೆಗೆದೆ. ಒದ್ದೆ ಅರಿವೆಗೆ ಬೆರಳು ಮುಟ್ಟಿಸಿ, ಒರೆಸಿಕೊಂಡು ಒತ್ತು ಅಂದೆ. ಸ್ವಲ್ಪ ತೇವ ಉಳಿದರೆ ಸಾಕು, ಈಗ ಹತ್ತಕ್ಕೆ ಒಂಬತ್ತು ಸಲ ಹಿಡಿಯುತ್ತೆ. ಬೆರಳಚ್ಚಿನ ಲಾಕ್ ಮಾತ್ರ ಯಾವ ಬೆರಳಿಗೂ ಆಗಲಿಲ್ಲ. ರೇಷನ್ ಅಂಗಡಿಯಲ್ಲೂ ಇದೇ ಗೋಳಂತೆ. ಅಂಕಿಯ ಲಾಕ್ ಹಾಕಿದೆ.

ಎರಡು, ಅಂಕಿ. ದೊಡ್ಡವ್ವ ನಾಲ್ಕನೇ ಇಯತ್ತೆ ಕನ್ನಡ ಶಾಲೆ. ಅವಳ ಕಣ್ಣಿಗೆ ಕನ್ನಡದ ೯ ಮತ್ತು ಫೋನಿನ 6 ಒಂದೇ. ಓಟಿಪಿ ಎರಡು ಸಲ ತಪ್ಪಿತು. ಪಿನ್ ಹೇಗಪ್ಪ ನೆನಪಿಡುತ್ತಾಳೆ ಅಂತ ನಾನು ಯೋಚಿಸುತ್ತಿದ್ದರೆ ಅವಳು ಅಂಕಿಯ ಪುಟವನ್ನೇ ಒಂದು ಗಳಿಗೆ ನೋಡಿ, "ಇದು ಮೂರು ಚುಕ್ಕಿ, ಮೂರು ಸಾಲಿನ ರಂಗೋಲಿ ಆತಲ್ಲೋ" ಅಂದಳು. ನಿಜ, ಕೆಳಗಿನ ಸೊನ್ನೆ ಬಿಟ್ಟರೆ ಅಷ್ಟೇ ಅದು. ಪಿನ್ ಪುಟದಲ್ಲಿ ಅಂಕಿಗಳ ಜಾಗ ಬದಲಾಗಲ್ಲ. ನಾನು ಬೆನ್ನು ತಿರುಗಿಸಿ ಕೂತೆ, ಅವಳು ಚುಕ್ಕಿಯಿಂದ ಚುಕ್ಕಿಗೆ ತನ್ನ ರಂಗೋಲಿ ಹಾಕಿದಳು, ಇನ್ನೊಮ್ಮೆ ಕೇಳಿತು, ಇನ್ನೊಮ್ಮೆ ಹಾಕಿದಳು. ಯಾವ ಆಕಾರ ಅಂತ ನನಗೂ ಗೊತ್ತಿಲ್ಲ. ಕೇಳಲೂ ಇಲ್ಲ. ಪಿನ್ ಅಂದರೆ ಹುಟ್ಟಿದ ವರ್ಷ, ಗಾಡಿ ನಂಬರ್ ಅನ್ನೋ ನಮ್ಮ ಬುದ್ಧಿಗಿಂತ ಇದು ವಾಸಿ ಅಲ್ವಾ?

ಪರೀಕ್ಷೆಗೆ ನನ್ನ ಫೋನಿನಿಂದ 1 ರೂಪಾಯಿ ಕಳಿಸಿದೆ. ಬಂತು. ದೊಡ್ಡವ್ವ ಖುಷಿಪಡೋ ಬದಲು ಉದ್ರಿ ವಹಿ ತೆಗೆದು, ಹಿಂದಿನ ಪುಟದಲ್ಲಿ ನನ್ನ ಹೆಸರು ಬರೆದು, ಎದುರಿಗೆ 1 ಅಂತ ಬರೆದಳು. "ಇರಲಿ ಬಿಡು" ಅಂದರೆ ಕೇಳಲಿಲ್ಲ. ಕೊಡೋ ಲೆಕ್ಕ ಕೊಡೋ ಲೆಕ್ಕವೇ.

ಅಷ್ಟರಲ್ಲಿ ಜೋಳದ ವ್ಯಾಪಾರಿ ಬಂದ. ಎರಡು ಕ್ವಿಂಟಲ್ ಬಾಕಿ, ಐದು ಸಾವಿರಕ್ಕಿಂತ ಜಾಸ್ತಿ. ಫೋನಿನಲ್ಲೇ ಕೊಡೋಣ ಅಂತ ಹುಮ್ಮಸ್ಸಿನಲ್ಲಿ ಒತ್ತಿದಳು, ರಂಗೋಲಿ ಹಾಕಿದಳು, ಆಗಲಿಲ್ಲ. ಕಾರಣ ನನಗೂ ಆಗ ಹೊಳೆಯಲಿಲ್ಲ. ಹೊಸದಾಗಿ ನೋಂದಣಿ ಮಾಡಿದ ಮೊದಲ 24 ತಾಸು 5000 ರೂಪಾಯಿಗಿಂತ ಜಾಸ್ತಿ ಕಳಿಸಲು ಬಿಡಲ್ಲ, ನಿಮ್ಮ ಸಿಮ್ ಕದ್ದವನು ಅವತ್ತೇ ಖಾತೆ ಬಳಿಯದಿರಲಿ ಅಂತ. ಆಮೇಲೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದವರೆಗೆ ಹೋಗುತ್ತೆ. ಇದನ್ನು ಹೇಳೋ ಹೊತ್ತಿಗೆ ವ್ಯಾಪಾರಿಗೆ ನೋಟು ಎಣಿಸಿ ಕೊಟ್ಟಾಗಿತ್ತು, ದೊಡ್ಡವ್ವನ ಮುಖ ಸಣ್ಣದಾಗಿತ್ತು. "ಬರೂದು ಬರಲಿ, ಕಳಿಸೂದು ಬ್ಯಾಡ" ಅಂದುಬಿಟ್ಟಳು.

ಬೋರ್ಡು ಮತ್ತು ಗಡಿಗೆ

ವ್ಯಾಪಾರಿಗಳ ಆ್ಯಪ್ ಹಾಕಿ, ಅದೇ ಖಾತೆ ಜೋಡಿಸಿ, ಕ್ಯೂಆರ್ ತೆಗೆದು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಮೊದಲನೆಯದು ಹೊಳೆಯೋ ಲ್ಯಾಮಿನೇಷನ್. ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದು ಫೋನುಗಳಿಗೆ ಬರೀ ಬಿಳಿ ಪಟ್ಟಿ ಕಾಣಿಸಿತು, ಒಲೆಯ ಕಾವಿಗೆ ಅಂಚು ಹಪ್ಪಳದ ಹಾಗೆ ಸುರುಳಿ ಬಂತು. ಕಾಗದ ಉಳಿಸಲು ಬಿಳಿ ಅಂಚನ್ನೂ ಕತ್ತರಿಸಿದ್ದೆ, ಅದೂ ತಪ್ಪು. ಸುತ್ತ ಬಿಳಿ ಜಾಗ ಇದ್ದರೇ ಕ್ಯಾಮೆರಾಕ್ಕೆ ಕ್ಯೂಆರ್ ಎಲ್ಲಿ ಶುರು ಅಂತ ತಿಳಿಯೋದು. ಎರಡನೇ ಸಲ ಹೊಳಪಿಲ್ಲದ ಕಾಗದ, ಅಂಗೈಗಿಂತ ದೊಡ್ಡದು, ಸುತ್ತ ಬೆರಳಗಲ ಬಿಳಿ. ಸೀಳು ಬಿಟ್ಟಿದ್ದ ಹಳೆಯ ಚಪಾತಿ ಮಣೆಗೆ ಅಂಟಿಸಿ, ಹಿಂದೆ ಮೊಳೆ ಹೊಡೆದು ಬಾಗಿಲ ಪಕ್ಕ ತೂಗುಹಾಕಿದೆ.

ಹಿಟ್ಟಿನ ಮನೆ ಅಲ್ವಾ, ಅದನ್ನೂ ಪರೀಕ್ಷೆ ಮಾಡಿದೆ. ಮಧ್ಯದಲ್ಲಿ ಚಿಟಿಕೆ ಹಿಟ್ಟು ಹಚ್ಚಿದರೂ ಓದಿತು. ಮೂಲೆಯ ಮೂರು ದೊಡ್ಡ ಚೌಕಗಳಲ್ಲಿ ಒಂದನ್ನು ಮುಚ್ಚಿದರೆ ನನ್ನ ಫೋನಿಗೆ ಆಗಲೇ ಇಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನವರು ಕಾರಿನ ಬಿಡಿಭಾಗ ಗುರುತಿಸಲು ಮಾಡಿದ ಸಂಕೇತ ಇದು, ಕಾರ್ಖಾನೆಯ ಕೊಳೆಯಲ್ಲೂ ಓದಲಿ ಅಂತ ಒಳಗೆ ಮಾಹಿತಿಯನ್ನು ಹೆಚ್ಚಿಗೆ ಬರೆದಿರುತ್ತಾರೆ. ಅತಿ ಗಟ್ಟಿ ನಮೂನೆಯಲ್ಲಿ ಸುಮಾರು 30 ಪರ್ಸೆಂಟ್ ಹಾಳಾದರೂ ಓದುತ್ತೆ. ಆದರೆ ದಿಕ್ಕು ಹೇಳೋ ಆ ಮೂಲೆಗಳಿಗೆ ಬದಲಿ ಇಲ್ಲ. ದಿನಾ ಬೆಳಿಗ್ಗೆ ಮೂಲೆ ಒರೆಸು ಅಂತ ಹೇಳಿದ್ದೇನೆ.

"ಫೋನ್ ಬಂದ್ ಆದ್ರ ಬಂದ ದುಡ್ಡು ಎಲ್ಲಿ ಹೋಗತೈತಿ?" ಅಂತ ಕೇಳಿದಳು. ಎಲ್ಲೂ ಹೋಗಲ್ಲ. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗೋದು, ಅವಳ ಫೋನ್ ಅದಕ್ಕೆ ಬೇಡ. "ನೀ ಮನ್ಯಾಗ ಇರು ಬಿಡು, ಟಾಕಿಗೆ ನೀರು ಬೀಳತೈತಿ" ಅಂದೆ. ಬಿದ್ದದ್ದು ಗೊತ್ತಾಗಬೇಕು, ಅದೇ ಕಷ್ಟ. ಹುಡುಗರು ತೋರಿಸೋ ಪರದೆ ನಂಬಬೇಡ ಅಂದಿದ್ದೆ, ಸುಳ್ಳು ಸ್ಕ್ರೀನ್‌ಶಾಟ್ ಮಾಡೋದು ಸುಲಭ. ಕೂಗಿ ಹೇಳೋ ಪೆಟ್ಟಿಗೆಗೆ ತಿಂಗಳಿಗೆ ನೂರರ ಆಸುಪಾಸು ಬಾಡಿಗೆ. "ಹತ್ತು ರೊಟ್ಟಿ ಅದಕ್ಕ ತಿನ್ನಸಬೇಕಾ?" ಅಂದಳು. ಸರಿ, ಆ್ಯಪ್‌ನಲ್ಲೇ ಕನ್ನಡದಲ್ಲಿ ಕೂಗೋ ಸೌಲಭ್ಯ ಇತ್ತು, ಹಚ್ಚಿದೆ.

ರೊಟ್ಟಿ ಬಡಿಯೋ ಟಪಟಪ ಸದ್ದಿನಲ್ಲಿ ಫೋನಿನ ದನಿ ಕೇಳಲ್ಲ. ಹಿತ್ತಾಳೆ ತಂಬಿಗೆಯಲ್ಲಿ ಫೋನ್ ಇಟ್ಟೆ. ದನಿ ಗಂಟೆಯ ಹಾಗೆ ದೊಡ್ಡದಾಯಿತು! ಆದರೆ ದುಡ್ಡು ಹಾಕಿದ ಎಷ್ಟೋ ಹೊತ್ತಿಗೆ ಕೂಗುತ್ತೆ. ಹುಡುಗ ರೊಟ್ಟಿ ಹಿಡಿದು ನಿಂತಿರಬೇಕು. ಲೋಹದ ಪಾತ್ರೆ ಸುತ್ತ ಇದ್ದರೆ ಸಿಗ್ನಲ್ ಕುಗ್ಗುತ್ತೆ ಅನ್ನೋದು ನನಗೆ ಮೊದಲೇ ಹೊಳೆಯಬೇಕಿತ್ತು. ಉಪ್ಪಿನಕಾಯಿ ಖಾಲಿಯಾಗಿದ್ದ ಸಣ್ಣ ಮಣ್ಣಿನ ಗಡಿಗೆ ತೊಳೆದು ಒಣಗಿಸಿ ಅದರಲ್ಲಿ ಇಟ್ಟೆವು. ದನಿಯೂ ದೊಡ್ಡದು, ಸಿಗ್ನಲ್ಲೂ ಸರಿ. ಆದರೂ ಹತ್ತು ನಿಮಿಷ ಯಾರೂ ಬರದಿದ್ದರೆ ಮುಂದಿನ ಗಿರಾಕಿಗೆ ಸುಮ್ಮನಿರುತ್ತಿತ್ತು. ಅದು ಬ್ಯಾಟರಿ ಉಳಿಸೋ ಫೋನಿನ ಚಾಳಿ, ಪರದೆ ಆರಿದ ಮೇಲೆ ಆ್ಯಪ್‌ಗಳನ್ನು ಮಲಗಿಸಿಬಿಡುತ್ತೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಮಾತ್ರ ಬ್ಯಾಟರಿ ನಿರ್ಬಂಧ ತೆಗೆದೆ. ಅಲ್ಲಿಂದ ಗಡಿಗೆ ತಪ್ಪದೆ ಕೂಗುತ್ತಿದೆ.

ಮೂರನೇ ಭಾನುವಾರ

ನಡುವಿನ ವಾರದಲ್ಲಿ ಏನೇನು ಆಯಿತು ಅಂತ ಕೇಳಿದೆ. ಫೋನ್ ಚಾರ್ಜ್ ಆಗುತ್ತಿಲ್ಲ. ಆರಿಸಿ, ಚಾರ್ಜಿನ ತೂತಿಗೆ ಟಾರ್ಚ್ ಬಿಟ್ಟರೆ ಒಳಗೆ ಜೋಳದ ಹಿಟ್ಟು ಗಟ್ಟಿಯಾಗಿ ಕೂತಿದೆ. ಕಟ್ಟಿಗೆಯ ಹಲ್ಲುಕಡ್ಡಿಯಿಂದ ಕೆರೆದು, ಒಣ ಬ್ರಷ್ ಆಡಿಸಿದೆ. ಪಿನ್ನು, ಸೂಜಿ ಹಾಕಬೇಡಿ. ಈಗ ಗಡಿಗೆಯ ಬಾಯಿಗೆ ತೆಳ್ಳನೆ ಅರಿವೆ ಕಟ್ಟಿದ್ದೇವೆ.

ಒಬ್ಬ ಹುಡುಗನ 100 ರೂಪಾಯಿ ಅವನ ಖಾತೆಯಿಂದ ಕಡಿತವಾಗಿ ಇಲ್ಲಿಗೆ ಬಂದಿರಲಿಲ್ಲ. ಇನ್ನೊಮ್ಮೆ ಹಾಕು ಅಂತ ದೊಡ್ಡವ್ವ ಹಟ ಹಿಡಿಯಲಿಲ್ಲ, ಉದ್ರಿ ಬರೆದುಕೊಂಡು ಕಳಿಸಿದ್ದಳು, ಒಳ್ಳೆಯ ಕೆಲಸ. ಮರುದಿನ ದುಡ್ಡು ಅವನಿಗೇ ವಾಪಸ್ ಬಂತಂತೆ, ಅವನೇ ಬಂದು ಕೊಟ್ಟುಹೋದ.

ಇನ್ನೊಂದು ಫೋನು ಹಿಂದಿಯಲ್ಲಿ. ಬೆಳಗಾವಿಯ ಮಿಲಿಟರಿ ಕ್ಯಾಂಪಿನಿಂದ, ಮುನ್ನೂರು ರೊಟ್ಟಿ ಬೇಕು, ಅಡ್ವಾನ್ಸ್ ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದನಂತೆ. ನಾನು ಹೇಳಿಕೊಟ್ಟಿದ್ದು ಒಂದೇ, ದುಡ್ಡು ಬರಲು ಪಿನ್ ಬೇಡ, ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತೆ. ಪಕ್ಕದ ಮನೆಯ ಹುಡುಗಿ ಹಿಂದಿ ಅರ್ಥ ಮಾಡಿ ಹೇಳಿದಳು, ದೊಡ್ಡವ್ವ ಕನ್ನಡದಲ್ಲೇ ಉತ್ತರ ಕೊಟ್ಟಳು: "ಕೊಡಾಂವ ನೀ, ರಂಗೋಲಿ ನಾ ಯಾಕ ಹಾಕ್ಲಿ?" ಅವನು ಫೋನ್ ಇಟ್ಟ. ಮೋಸ ಆಗಿಬಿಟ್ಟರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟು ದುಡ್ಡು ದೂರ ಹೋಗುತ್ತೆ. ಆ ನಂಬರನ್ನು ಗಡಿಗೆಯ ಮೇಲೆ ಸುಣ್ಣದಲ್ಲಿ ಬರೆದಿದ್ದೇನೆ.

ಕಳಿಸೋದು ಮಾತ್ರ ಅವಳು ಒಂದು ವಾರದಿಂದ ಮುಟ್ಟಿರಲಿಲ್ಲ. ತರಕಾರಿಗೆ ಯುಪಿಐ ಲೈಟ್ ಹಚ್ಚಿಕೊಡುತ್ತೇನೆ, 5000ದವರೆಗೆ ತುಂಬಿಟ್ಟುಕೊಂಡು ಒಂದು ಸಲಕ್ಕೆ 1000ದವರೆಗೆ ಪಿನ್ ಇಲ್ಲದೆ ಕೊಡಬಹುದು, ಪಾಸ್‌ಬುಕ್ಕೂ ಸುಮ್ನೆ ತುಂಬಲ್ಲ ಅಂದೆ. "ಪಿನ್ ಇಲ್ಲದ್ದು ಬ್ಯಾಡೇ ಬ್ಯಾಡ" ಅಂದಳು. ಬಿಟ್ಟೆ.

ಸಂಜೆ ಬಸ್ಸಿಗೆ ಹೊರಟಾಗ ಉದ್ರಿ ವಹಿಯ ಹಿಂದಿನ ಪುಟ ತೆಗೆದಳು. "ನಿಂದು ಒಂದು ರೂಪಾಯಿ ನನ್ನ ಹತ್ರ ಉಳದೈತಿ." ಗಡಿಗೆಯಿಂದ ಫೋನ್ ತೆಗೆದು, ಬೆರಳು ಒದ್ದೆ ಅರಿವೆಗೆ ಒತ್ತಿ, ನನ್ನ ಹೆಸರು ಹುಡುಕಲು ಎಷ್ಟೋ ಹೊತ್ತು ತೆಗೆದುಕೊಂಡಳು. ನಾನು ಹೇಳಿಕೊಡಲು ಕೈ ಚಾಚಿದೆ, ಸರಿಸಿದಳು. ಆಮೇಲೆ "ಅತ್ತಾಗ ತಿರುಗು" ಅಂದಳು. ತಿರುಗಿದೆ. ನನ್ನ ಕಿಸೆಯಲ್ಲಿ ಫೋನ್ ಗುಂಯ್ ಅಂತು, ಹಿಂದೆ ವಹಿಯ ಮೇಲೆ ಪೆನ್ನು ಗೀಚಿದ ಸದ್ದು ಕೇಳಿತು.